ಸುಡದ ಜ್ವಾಲೆಯ ಗಾಯ ಎಣಿಸುವ ತಟ್ಟೆಯಮ್ಮ

ಬೆಳಗಿನ ಐದೂವರೆ. ಸಂಶೋಧನಾಲಯದ ಮೂರನೆಯ ಮಹಡಿಯ ಕಾರಿಡಾರಿನಲ್ಲಿ ಇನ್ನೂ ದೀಪ ಹಾಕಿಲ್ಲ. ಕೊನೆಯ ಕೋಣೆಯ ಬಾಗಿಲಡಿಯಿಂದ ಮಾತ್ರ ಒಂದು ಗೆರೆ ಬೆಳಕು ಹೊರಬಿದ್ದಿದೆ. ಒಳಗೆ ಐವತ್ತಮೂರು ವರ್ಷ ವಯಸ್ಸಿನ ಹೆಣ್ಣುಮಗಳೊಬ್ಬರು ಮೊಣಕೈತನಕ ಕೈ ತೊಳೆದು, ಕೈಗವಸು ತೊಟ್ಟು, ಬೀರುವಿನಂಥ ಬೆಚ್ಚನೆಯ ಪೆಟ್ಟಿಗೆಯೊಂದರ ಬಾಗಿಲನ್ನು ಮಗು ಮಲಗಿರುವ ಕೋಣೆಯ ಕದದಷ್ಟು ಮೆಲ್ಲಗೆ ತೆರೆಯುತ್ತಾರೆ. ಪೆಟ್ಟಿಗೆಯ ಒಳಗಿನ ಬಿಸಿ ಮನುಷ್ಯನ ಮೈಬಿಸಿಯಷ್ಟೇ. ಅಲ್ಲಿ ಸಾಲಾಗಿ ಎಪ್ಪತ್ತೆರಡು ಪುಟ್ಟ ತಟ್ಟೆಗಳು. ಪ್ರತಿಯೊಂದರಲ್ಲೂ ತೆಳುವಾಗಿ ಕೆಂಪು ನೀರು. ಆ ನೀರಿನಡಿ, ಬರಿಗಣ್ಣಿಗೆ ಕಾಣದಂತೆ ತಳ ಹಿಡಿದು ಬದುಕುತ್ತಿರುವ ಮನುಷ್ಯರ ಚರ್ಮದ ಲಕ್ಷಾಂತರ ಜೀವಕೋಶಗಳು.

“ಏಳ್ರಪ್ಪಾ, ಏಳ್ರಮ್ಮಾ, ಊಟದ ಹೊತ್ತಾಯ್ತು,” ಎನ್ನುತ್ತ ಅವರು ಮೊದಲ ತಟ್ಟೆಯನ್ನು ಹೊರಗೆ ತೆಗೆಯುತ್ತಾರೆ. ಹಳೆಯ ನೀರನ್ನು ಸಣ್ಣ ಕೊಳವೆಯಿಂದ ಹೀರಿ, ಹೊಸದನ್ನು ಅಂಚಿನಿಂದ ಹನಿಹನಿಯಾಗಿ ಇಳಿಸುತ್ತಾರೆ. ಮೇಲಿನಿಂದ ಸುರಿದರೆ ಜೀವಕೋಶಗಳು ಕಿತ್ತುಬಂದು ತೇಲುತ್ತವಂತೆ. ಕೆಂಪು ನೀರೇ ಅವುಗಳ ಅನ್ನ. ಒಂದೊಂದು ತಟ್ಟೆಗೂ ಎರಡು ದಿನಕ್ಕೊಮ್ಮೆ ತಪ್ಪದೆ ಆಗಬೇಕು. ರಜೆ, ಜ್ವರ, ಮದುವೆ ಮುಂಜಿ ಯಾವುದೂ ಈ ಬಳಗಕ್ಕೆ ಗೊತ್ತಿಲ್ಲ.

ಇಲ್ಲಿ ಎಲ್ಲರೂ ಇವರನ್ನು ಕರೆಯುವುದು ತಟ್ಟೆಯಮ್ಮ ಎಂದು. ಹತ್ತನೆಯ ತರಗತಿ ಮುಗಿಸಿ ಎಲ್ಲೆಲ್ಲೋ ದುಡಿದು, ಹತ್ತೊಂಬತ್ತು ವರ್ಷದ ಹಿಂದೆ ಗಾಜಿನ ಪಾತ್ರೆ ತೊಳೆಯಲು ಇಲ್ಲಿಗೆ ಬಂದವರು. ಒಂದು ದಿನ ಜೀವಕೋಶ ಸಾಕುವವರು ಬಾರದೆ ಹೋದಾಗ, “ನಾನು ನೋಡಿದ್ದೀನಿ, ಮಾಡ್ಲಾ?” ಎಂದು ಕೇಳಿ ಕೈಹಾಕಿದರು. ಆ ಕೈಗೆ ತಟ್ಟೆಗಳು ಒಗ್ಗಿಕೊಂಡವು. ಕೆಲವರು ಮುಟ್ಟಿದ ಗಿಡ ಚಿಗುರುತ್ತದಲ್ಲ, ಹಾಗೆ. ಪ್ರಕಟವಾದ ಯಾವ ಪ್ರಬಂಧದಲ್ಲೂ ಇವರ ಹೆಸರಿಲ್ಲ. ಕೇಳಿದರೆ ನಗುತ್ತಾರೆ: “ಅಡುಗೆಯವರ ಹೆಸರನ್ನ ಎಲೆ ಮೇಲೆ ಬರೀತಾರಾ?”

ಕೋಣೆಯ ಇನ್ನೊಂದು ಮೂಲೆಯಲ್ಲಿ, ಪೆನ್ನಿನಷ್ಟು ದಪ್ಪದ ಗಾಜಿನ ಕೊಳವೆಯೊಂದು ತಲೆಕೆಳಗಾಗಿ ನಿಂತಿದೆ. ಅದರೊಳಗೆ ಸಿಲಿಂಡರಿನ ಅನಿಲ ಹರಿಸಿ ಜೋರು ವಿದ್ಯುತ್ತು ಕೊಟ್ಟರೆ ತುದಿಯಲ್ಲಿ ಕಿರುಬೆರಳುದ್ದದ ನೇರಳೆ ಜ್ವಾಲೆ ಹುಟ್ಟುತ್ತದೆ. ಇದಕ್ಕೆ ಶೀತಲ ಪ್ಲಾಸ್ಮಾ ಎಂದು ಹೆಸರು. ರಕ್ತದಲ್ಲಿರುವ ಪ್ಲಾಸ್ಮಾಕ್ಕೂ ಇದಕ್ಕೂ ಹೆಸರಿನ ನೆಂಟಸ್ತಿಕೆ ಬಿಟ್ಟರೆ ಇನ್ನೇನೂ ಇಲ್ಲ. ಜ್ವಾಲೆಗೆ ಕಾಗದ ಹಿಡಿದರೆ ಕಾಗದ ಕಪ್ಪಾಗುವುದಿಲ್ಲ. ಆದರೆ ಗಾಯದ ಮೇಲಿನ ರೋಗಾಣುಗಳು ಅದರ ಮುಂದೆ ನಿಲ್ಲಲಾರವು. ವರ್ಷಗಟ್ಟಲೆ ಮಾಯದ ಹುಣ್ಣುಗಳಿಗೆ ಇದು ಮದ್ದಾದೀತೇ ಎಂಬುದು ಇಲ್ಲಿಯವರ ಆಸೆ. ಭಯವೂ ಒಂದಿದೆ. ರೋಗಾಣುವನ್ನು ಕೊಲ್ಲುವ ಬೆಳಕು ಅದರಡಿಯ ಜೀವಂತ ಚರ್ಮದ ಡಿಎನ್‌ಎಯನ್ನು ಸುಮ್ಮನೆ ಬಿಟ್ಟೀತೆ?

ಅದನ್ನು ಕಂಡುಹಿಡಿಯುವುದು ತಟ್ಟೆಯಮ್ಮನ ಮಧ್ಯಾಹ್ನದ ಕೆಲಸ. ಜೀವಕೋಶಗಳನ್ನು ತಟ್ಟೆಯಿಂದ ಬಿಡಿಸಿ, ಅಂಟಿನಲ್ಲಿ ಕಲೆಸಿ, ಗಾಜಿನ ಪಟ್ಟಿಯ ಮೇಲೆ ಹರಡುತ್ತಾರೆ. ಜೀವಕೋಶದ ಪೊರೆ ಕರಗಿಸಿ, ಕತ್ತಲೆಯಲ್ಲಿ ಅರ್ಧ ಗಂಟೆ ವಿದ್ಯುತ್ತು ಹರಿಸುತ್ತಾರೆ. ಡಿಎನ್‌ಎ ಎಂಬ ಹುರಿಹಗ್ಗ ಗಟ್ಟಿಯಾಗಿದ್ದರೆ ಅದು ಉಂಡೆಯಾಗಿಯೇ ಕುಳಿತಿರುತ್ತದೆ. ಎಳೆ ಕಡಿದಿದ್ದರೆ ತುಂಡುಗಳು ವಿದ್ಯುತ್ತಿನ ಸೆಳೆತಕ್ಕೆ ಹಿಂದೆ ಹಿಂದೆ ಜಾರುತ್ತವೆ.

“ಒಳ್ಳೇದು ಹುಣ್ಣಿಮೆ ಚಂದ್ರನ ಥರ ಕಾಣುತ್ತೆ. ಪೆಟ್ಟು ಬಿದ್ದಿದ್ದು ಧೂಮಕೇತು ಥರ, ಹಿಂದೆ ಬಾಲ,” ಎಂದು ಅವರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಹೇಳುತ್ತಾರೆ. “ಬಾಲ ಇದ್ರೆ ಗಾಯ. ಅಷ್ಟೇ ನನ್ನ ವಿದ್ಯೆ.”

ದಿನಕ್ಕೆ ಹನ್ನೆರಡು ಪಟ್ಟಿ, ಪಟ್ಟಿಗೆ ನೂರು ಜೀವಕೋಶ. ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಚಂದ್ರರನ್ನೂ ಧೂಮಕೇತುಗಳನ್ನೂ ಒಂದೊಂದಾಗಿ ನೋಡುವ ಕಣ್ಣು ಇದು. ಆಕಾಶ ಮಾಡಿದವನೇ ಈ ಪುಟ್ಟ ತಟ್ಟೆಯೊಳಗೂ ಒಂದು ಆಕಾಶ ಇಟ್ಟಿದ್ದಾನೆ ಎಂದು ಅವರು ನಂಬುತ್ತಾರೆ. ಆ ಆಕಾಶವೇ ಒಂದು ದಿನ ಅವರ ತಲೆಯ ಮೇಲೆ ಕಳಚಿ ಬಿತ್ತು.

ಅದನ್ನು ಹೇಳುವ ಮೊದಲು ಅಕ್ಕನ ವಿಷಯ ಹೇಳಬೇಕು. ತಟ್ಟೆಯಮ್ಮನಿಗೆ ಐದು ವರ್ಷವಾಗಿದ್ದಾಗ ತಾಯಿ ಹೋದರು. ತಂದೆ ಅದಕ್ಕೂ ಮೊದಲೇ ಇಲ್ಲ. ಹನ್ನೆರಡರ ಅಕ್ಕ ಬಟ್ಟೆ ಒಗೆಯುವ ಅಂಗಡಿ ಸೇರಿ ತಂಗಿಯನ್ನು ಸಾಕಿದರು, ಶಾಲೆಗೆ ಕಳಿಸಿದರು. ನಲವತ್ತು ವರ್ಷ ಒದ್ದೆ ನೆಲದ ಮೇಲೆ ನಿಂತ ಕಾಲು ಅದು. ಸಕ್ಕರೆ ಕಾಯಿಲೆ ಬಂತು. ಎಡಗಾಲಿನ ಬೆರಳುಗಳ ಬುಡದಲ್ಲಿ ಒಂದು ಹುಣ್ಣು ಎದ್ದು, ಹದಿನಾಲ್ಕು ತಿಂಗಳಾದರೂ ಮಾಯಲಿಲ್ಲ. ಇನ್ನೆರಡು ತಿಂಗಳು ನೋಡುತ್ತೇವೆ, ಆಗದಿದ್ದರೆ ಬೆರಳು ತೆಗೆಯಬೇಕು ಎಂದರು ವೈದ್ಯರು.

ಅದೇ ಹೊತ್ತಿಗೆ ಪಕ್ಕದ ಆಸ್ಪತ್ರೆಯಲ್ಲಿ ನೇರಳೆ ಜ್ವಾಲೆಯನ್ನು ಮನುಷ್ಯರ ಗಾಯದ ಮೇಲೆ ಪರೀಕ್ಷಿಸಲು ಅನುಮತಿ ಸಿಕ್ಕಿತು. ಹನ್ನೊಂದು ತಿಂಗಳಿಂದ ತಟ್ಟೆಯಮ್ಮ ಎಣಿಸಿಕೊಟ್ಟಿದ್ದ ಸಂಖ್ಯೆಗಳೇ ಅದಕ್ಕೆ ಬುನಾದಿ. ಒಂದು ನಿಮಿಷ ಜ್ವಾಲೆ ಹಾಯಿಸಿದ ತಟ್ಟೆಯಲ್ಲಿ ನೂರಕ್ಕೆ ಇಪ್ಪತ್ತಾರು ಬಾಲ. ಜ್ವಾಲೆಯನ್ನೇ ಕಾಣದ ತಟ್ಟೆಯಲ್ಲಿ ಇಪ್ಪತ್ತಮೂರು. ಮುಟ್ಟಿ ಬಿಡಿಸುವಾಗ ಜೀವಕೋಶಗಳು ಹೇಗೂ ಕೊಂಚ ನಲುಗುತ್ತವೆ, ಹಾಗಾಗಿ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಜ್ವಾಲೆಯಿಂದ ಡಿಎನ್‌ಎಗೆ ಅಪಾಯವಿಲ್ಲ ಎಂದು ತೀರ್ಮಾನವಾಯಿತು. ರೋಗಿಗಳಿಗೆ ಒಂದೊಂದು ನಿಮಿಷ ಎಂದು ನಿಗದಿಯಾಯಿತು. ಪಟ್ಟಿಯ ಮೊದಲ ಹೆಸರು ಅಕ್ಕನದು.

“ಅಕ್ಕನಿಗೆ ಹೇಳ್ದಾಗ ಕುಣಿದಾಡೋದೊಂದು ಬಾಕಿ. ‘ಅಂತೂ ನಿನ್ನ ಓದಿಸಿದ್ದಕ್ಕೆ ಕಾಲಿಗೆ ಬಂತಲ್ಲೇ’ ಅಂದ್ಲು,” ಎಂದು ತಟ್ಟೆಯಮ್ಮ ನೆನೆಯುತ್ತಾರೆ.

ಅಕ್ಕನ ಸರದಿಗೆ ಇನ್ನು ಹತ್ತು ದಿನ ಉಳಿದಿತ್ತು. ಆ ದಿನ ಅನಿಲದ ಸಿಲಿಂಡರ್ ಬರಲಿಲ್ಲ.

ಸಿಲಿಂಡರ್ ತರುವವನನ್ನು ಇವರು ಕರೆಯುವುದು ಗಾಳಿರಾಯ ಎಂದು. ಸಂಜೆ ಅವನು ತಲೆ ತುರಿಸಿಕೊಳ್ಳುತ್ತ ಬಂದ. “ಏನ್ ತಟ್ಟೆಯಮ್ಮ, ಮಕ್ಕಳು ಮರಿ ಎಲ್ಲ ಆರಾಮಾ?” “ಆರಾಮಾಗಿದ್ರು, ನಿನ್ನ ದಾರಿ ಕಾದು ಕಾದು ಮುದುಕರಾದ್ರು.” “ವ್ಯಾನ್ ಕೆಟ್ಟೋಯ್ತು, ನಾನೇನು ಹೊತ್ಕೊಂಡು ಬರ್ಲಾ?” “ಹೊತ್ಕೊಂಡು ಬಾ. ಗಾಳಿ ತಾನೇ, ಏನು ಮಹಾ ಭಾರ?”

ಆ ನಗೆಚಾಟಿಕೆಯ ಹೊತ್ತಿಗೆ ಅವರ ಮೇಜಿನ ಮೇಲೆ ಆ ದಿನದ ಗಾಜಿನ ಪಟ್ಟಿಗಳು ಸಿದ್ಧವಾಗಿದ್ದವು. ಜ್ವಾಲೆ ಇಲ್ಲದ ದಿನ ಯಾರೂ ಎಣಿಕೆ ಮಾಡುವುದಿಲ್ಲ. ಆದರೆ ಜ್ವಾಲೆ ಕಾಣದ ಗುಂಪಿನ ತಟ್ಟೆಗಳು ಹದಕ್ಕೆ ಬಂದು ಕುಳಿತಿದ್ದವು. ಹದ ಬಂದದ್ದನ್ನು ಚೆಲ್ಲಲು ಅವರಿಗೆ ಕೈ ಬರಲಿಲ್ಲ. ಗಾಳಿರಾಯ ಹೋದ ಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು.

ಚಂದ್ರ. ಚಂದ್ರ. ಚಂದ್ರ. ಮೂವತ್ತು ಎಣಿಸಿದರೂ ಒಂದು ಬಾಲವಿಲ್ಲ. ನೂರು ಮುಗಿದಾಗ ಬಾಲ ಸಿಕ್ಕಿದ್ದು ನಾಲ್ಕಕ್ಕೆ.

“ಹನ್ನೊಂದು ತಿಂಗಳು ಇಪ್ಪತ್ತಕ್ಕಿಂತ ಕೆಳಗೆ ಇಳಿದಿರ್ಲಿಲ್ಲ. ಮೊದಲು ಕಣ್ಣಿಗೆ ಏನೋ ಆಯ್ತು ಅಂದ್ಕೊಂಡೆ. ಮುಖ ತೊಳ್ಕೊಂಡು ಬಂದು ಇನ್ನೊಂದು ಪಟ್ಟಿ ಇಟ್ಟೆ. ಅದರಲ್ಲಿ ಐದು. ಮೂರನೇದರಲ್ಲಿ ನಾಲ್ಕು.”

ಆವತ್ತು ಎಂದಿನಂತಲ್ಲದೆ ಏನು ಮಾಡಿದೆ? ಕುರ್ಚಿಯಲ್ಲಿ ಕುಳಿತು ಬೆಳಗಿನಿಂದ ತನ್ನ ಕೈಗಳು ಮಾಡಿದ್ದನ್ನೆಲ್ಲ ಒಂದೊಂದಾಗಿ ನೆನೆದರು. ಜ್ವಾಲೆ ಹೊತ್ತಿಸಿದ ಕೂಡಲೇ ನೆಟ್ಟಗೆ ನಿಲ್ಲುವುದಿಲ್ಲ. ಹತ್ತು ನಿಮಿಷ ಮಿಣುಕಾಡಿ ಆಮೇಲೆ ಸ್ಥಿರವಾಗುತ್ತದೆ. ಅಲ್ಲಿಯವರೆಗೆ ಅದರಡಿ ಒಂದು ಬಟ್ಟಲಲ್ಲಿ ಬರೀ ಕೆಂಪು ನೀರು ಇಡುವುದು ರೂಢಿ. ಆ ನೀರನ್ನು ಆಮೇಲೆ ಏನು ಮಾಡಬೇಕೆಂದು ಕೆಲಸದ ಪುಸ್ತಕದಲ್ಲಿ ಯಾರೂ ಬರೆದಿರಲಿಲ್ಲ. ತಟ್ಟೆಯಮ್ಮ ಅದನ್ನು ಚೆಲ್ಲುತ್ತಿರಲಿಲ್ಲ. ರೋಗಾಣು ಕೊಲ್ಲುವ ಜ್ವಾಲೆ ಹಾಯ್ದ ನೀರು. ಇದಕ್ಕಿಂತ ಶುದ್ಧ ಇನ್ನಾವುದಿದೆ? ಎಲ್ಲಕ್ಕಿಂತ ಜೋಪಾನವಾಗಿ ಇರಬೇಕಾದವು ಜ್ವಾಲೆ ಕಾಣದ ತಟ್ಟೆಗಳು, ಅವುಗಳೊಂದಿಗೇ ಎಲ್ಲವನ್ನೂ ಹೋಲಿಸುವುದು. ಹಾಗಾಗಿ ಪ್ರತಿ ಬೆಳಿಗ್ಗೆ ಆ ನೀರನ್ನು ಅವುಗಳಲ್ಲಿ ಆ ದಿನ ಎಣಿಸಬೇಕಾದವುಗಳಿಗೇ ಉಣಿಸುತ್ತಿದ್ದರು.

ಆ ದಿನ ಜ್ವಾಲೆ ಇರಲಿಲ್ಲ. ಹೊಸ ಬಾಟಲಿಯ ನೀರು ಹಾಕಿದ್ದರು.

ಮರುದಿನ ಸಿಲಿಂಡರ್ ಬಂದ ಮೇಲೆ ಯಾರಿಗೂ ಹೇಳದೆ ಮೂರು ತಟ್ಟೆ ಇಟ್ಟರು. ಒಂದಕ್ಕೆ ಹೊಸ ನೀರು, ಒಂದಕ್ಕೆ ಜ್ವಾಲೆ ಹಾಯ್ದ ನೀರು, ಒಂದಕ್ಕೆ ನೇರವಾಗಿ ಜ್ವಾಲೆ. ಬಾಲಗಳು ನಾಲ್ಕು, ಇಪ್ಪತ್ತಮೂರು, ಇಪ್ಪತ್ತಾರು. ಜ್ವಾಲೆ ಆರಿದ ಮೇಲೂ ಅದರ ಕಡಿತ ನೀರಿನಲ್ಲಿ ಉಳಿಯುತ್ತಿತ್ತು. ಹಾಲೆಂದು ಉಣಿಸಿದ್ದು ಹಾಲಾಗಿರಲಿಲ್ಲ. ಎರಡು ಗುಂಪೂ ಗಾಯಗೊಂಡಿದ್ದವು, ಅದಕ್ಕೇ ಒಂದರಂತೆ ಇನ್ನೊಂದು ಕಂಡಿತ್ತು. ಅಪಾಯವಿಲ್ಲ ಎಂಬ ಮಾತು ಪೂರಾ ಸುಳ್ಳಾಗಿತ್ತು. ಆ ಸುಳ್ಳನ್ನು ಹೊತ್ತ ಜ್ವಾಲೆ ಇನ್ನು ಒಂಬತ್ತು ದಿನಕ್ಕೆ ಅಕ್ಕನ ಕಾಲಿನ ಮೇಲೆ ಹಾಯಲಿತ್ತು.

“ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು,” ಎನ್ನುತ್ತಾರೆ. “ವಿಷ ಹಾಕಿದ್ದು ನಾನು. ಪ್ರೀತಿಯಿಂದ ಹಾಕಿದ್ದೆ.”

ಒಂದು ಹಗಲು ಪೂರ್ತಿ ಬಾಯಿ ಬಿಡಲಿಲ್ಲ. ಹೇಳಿದರೆ ಪರೀಕ್ಷೆ ನಿಲ್ಲುತ್ತದೆ, ಅಕ್ಕನ ಬೆರಳುಗಳಿಗಿದ್ದ ಕೊನೆಯ ದಾರಿ ಮುಚ್ಚುತ್ತದೆ. ಹೇಳದಿದ್ದರೆ ಏನು ಹಾಯಿಸುತ್ತಿದ್ದೇವೆಂದು ತಿಳಿಯದೆಯೇ ಅಕ್ಕನಿಂದ ಹಿಡಿದು ನಲವತ್ತು ಜನರ ಮೈಮೇಲೆ ಹಾಯಿಸುತ್ತಾರೆ. ಸಂಜೆ ಮೆಟ್ಟಿಲ ಮೇಲೆ ಕುಳಿತು ಕೈಮುಗಿದರಂತೆ. ದೇವರು ಉತ್ತರ ಕೊಟ್ಟನೇ ಎಂದು ಕೇಳಿದರೆ ತಲೆಯಾಡಿಸುತ್ತಾರೆ. “ಇಲ್ಲ. ಅವನು ಹೇಳೋದನ್ನೆಲ್ಲ ಗಾಜಿನ ಪಟ್ಟಿ ಮೇಲೇ ಬರೆದಿದ್ನಲ್ಲ. ಓದಿ ಆಗಿತ್ತು. ಮತ್ತೆ ಕೇಳೋದೇನು?”

ವಿಭಾಗದ ಮುಖ್ಯಸ್ಥರು ಇವರಿಗೆ ದೊಡ್ಡ ಸಾರ್. ಮಾರನೆಯ ಬೆಳಿಗ್ಗೆ ಅವರು ಇನ್ನೂ ಚೀಲ ಕೆಳಗಿಟ್ಟಿರಲಿಲ್ಲ, ತಟ್ಟೆಯಮ್ಮ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು.

“ಎಷ್ಟು ದಿನದಿಂದ?”

“ಹನ್ನೊಂದು ತಿಂಗಳಿಂದ, ಸಾರ್.”

“ಪ್ರತಿ ದಿನಾನಾ?”

“ಒಂದು ದಿನಾನೂ ತಪ್ಪಿಸಿಲ್ಲ, ಸಾರ್.”

ದೊಡ್ಡ ಸಾರ್ ಚೀಲ ಹೆಗಲಲ್ಲಿಟ್ಟುಕೊಂಡೇ ಕುಳಿತರು. “ಅಯ್ಯೋ ತಟ್ಟೆಯಮ್ಮಾ... ಯಾಕೆ ಹಾಗೆ ಮಾಡಿದ್ರಿ?” “ಶುದ್ಧವಾಗಿರ್ಲಿ ಅಂತ ಸಾರ್.” ಅವರು ಎದ್ದು ಕಿಟಕಿಯ ಬಳಿ ಹೋದರು, ತಿರುಗಿ ಬಂದರು. ಸೂಕ್ಷ್ಮದರ್ಶಕದ ಮುಂದೆ ಕುಳಿತು ಮೂರು ಪಟ್ಟಿಗಳನ್ನೂ ತಾವೇ ಎಣಿಸಿದರು. ಒಂದೂವರೆ ಗಂಟೆ ಹಿಡಿಯಿತು. ಕೊನೆಗೆ ಆಸ್ಪತ್ರೆಗೆ ಫೋನ್ ಮಾಡಿ ಪರೀಕ್ಷೆ ನಿಲ್ಲಿಸಲು ಹೇಳಿದರು. ತಟ್ಟೆಯಮ್ಮ ಬಾಗಿಲ ಬಳಿ ನಿಂತು ತನ್ನ ಕೋಣೆಯ ಬೀಗದ ಕೈ ಮೇಜಿನ ಮೇಲಿಟ್ಟರು. ಕೆಲಸ ಹೋಯಿತು ಎಂದೇ ಅವರ ಲೆಕ್ಕ.

“ಬೀಗದ ಕೈ ಎತ್ಕೊಳ್ಳಿ,” ಎಂದರು ದೊಡ್ಡ ಸಾರ್. “ಪುಸ್ತಕದಲ್ಲಿ ಬರೀದೆ ಬಿಟ್ಟಿದ್ದು ನಾನು. ಜ್ವಾಲೆ ಕಾಣದ ತಟ್ಟೇಲಿ ಅಷ್ಟು ಬಾಲ ಯಾಕೆ ಅಂತ ಕೇಳದೆ ಇದ್ದಿದ್ದೂ ನಾನೇ. ನಾಳೆಯಿಂದ ಎಲ್ಲ ಮೊದಲಿಂದ. ಎಣಿಸೋರು ನೀವೇ.”

ಅಕ್ಕನಿಗೆ ಹೇಳುವ ಕೆಲಸ ಮಾತ್ರ ಯಾರೂ ಹಂಚಿಕೊಳ್ಳುವಂಥದಾಗಿರಲಿಲ್ಲ. ಎರಡು ಬೀದಿಯಾಚೆಯ ಆ ಒಂದು ಕೋಣೆಯ ಮನೆಯಲ್ಲಿ ಅಕ್ಕ ಮೊರದಷ್ಟು ಅಗಲದ ದಿಂಬಿನ ಮೇಲೆ ಕಾಲಿಟ್ಟು ಕುಳಿತಿದ್ದರು.

“ನಿಲ್ಲಿಸಿದ್ದಾರೆ ಅಂದ್ರೆ? ಯಾರು ನಿಲ್ಲಿಸಿದ್ದು?”

“ನಾನೇ ಅಕ್ಕ. ನಾನು ಹೇಳ್ದೆ.”

ಅಕ್ಕ ತಂಗಿಯ ಮುಖವನ್ನೇ ನೋಡಿದರು, ಗುರುತು ಸಿಗದವರನ್ನು ನೋಡುವ ಹಾಗೆ. “ಒಂದು ನಿಮಿಷದ್ದು, ಅಲ್ವೇನೇ? ಒಂದು ನಿಮಿಷಕ್ಕೆ ನಾನೇನು ಸತ್ತೋಗ್ತಿದ್ನಾ? ನಿನ್ನ ತಟ್ಟೇಲಿರೋ ಕಣ್ಣಿಗೆ ಕಾಣದ ಹುಳಕ್ಕಿಂತ ಕಡೆಯಾದ್ನಾ ನಾನು?” ತಂಗಿಗೆ, ಹುಳ ಅಲ್ಲ ಅಕ್ಕ, ಅದೂ ಮನುಷ್ಯರ ಚರ್ಮವೇ, ನಿನ್ನದರ ಹಾಗೇ ಎಂದು ಹೇಳಬೇಕೆನಿಸಿತು. ಹೇಳದೆ, ಜಾರಿದ ದಿಂಬನ್ನು ಅಕ್ಕನ ಕಾಲಡಿ ಸರಿಪಡಿಸಿದರು.

ಏಳು ವಾರಕ್ಕೆ ಅಕ್ಕನ ಎರಡು ಬೆರಳು ತೆಗೆದರು.

ಬಟ್ಟೆ ಸುತ್ತಿದ ಕಾಲು ನೋಡಿ ತಟ್ಟೆಯಮ್ಮನಿಗೆ ಅಳು ಬರಲಿಲ್ಲ. ಬೈಯುತ್ತಾಳೆ ಎಂದು ಕಾದರು. ಅಕ್ಕ ಬೈಯಲಿಲ್ಲ. ಬಂದರೆ ಕೂರಿಸಿ ನೀರು ಕೊಡಿಸಿದರು, ಹೊರಟರೆ ತಲೆಯಾಡಿಸಿದರು. ಹುಟ್ಟಿದಾಗಿನಿಂದ ಬೈದೇ ಬೆಳೆಸಿದ ಬಾಯಿ ಅದು. ಈಗ ಬೀದಿಯವರೊಂದಿಗೆ ಆಡುವಷ್ಟೇ ಮಾತು. “ಹೊಡೆದಿದ್ರೂ ತಡ್ಕೋತಿದ್ದೆ. ಆ ಮರ್ಯಾದೆ ಇದ್ಯಲ್ಲ, ಅದನ್ನ ತಡ್ಕೊಳ್ಳೋಕೆ ಆಗ್ಲಿಲ್ಲ,” ಎನ್ನುತ್ತಾರೆ ತಂಗಿ.

ಈ ಐದು ತಿಂಗಳು ಅವರು ಎಣಿಸಿದ್ದು ಲೆಕ್ಕವಿಲ್ಲ. ಈಗ ಪಟ್ಟಿಗಳ ಮೇಲೆ ಬರೀ ಅಂಕೆ. ಯಾವುದು ಯಾವ ತಟ್ಟೆಯದೆಂದು ಎಣಿಸುವವರಿಗೇ ಗೊತ್ತಿರುವುದಿಲ್ಲ. ಹತ್ತು ಸೆಕೆಂಡಿನದು, ಮೂವತ್ತರದು, ಒಂದು ನಿಮಿಷದ್ದು. ಆಗಲೇ ಎಣಿಸಿದ್ದು, ಆರು ಗಂಟೆ ಬಿಟ್ಟು ಎಣಿಸಿದ್ದು, ಮರುದಿನ ಎಣಿಸಿದ್ದು. ಹೊಸ ಲೆಕ್ಕ ಬಂದಾಗ ದೊಡ್ಡ ಸಾರ್ ಮತ್ತೊಮ್ಮೆ ಬೆರಗಾದರು. ಮೂವತ್ತು ಸೆಕೆಂಡು ಜ್ವಾಲೆ ಕಂಡ ಜೀವಕೋಶಗಳಿಗೂ ಬಾಲ ಬಂದಿತ್ತು. ಆದರೆ ಆರು ಗಂಟೆ ಕಳೆದು ನೋಡಿದರೆ ಬಾಲಗಳು ಹೆಚ್ಚೂಕಡಿಮೆ ಮಾಯ. ಕಡಿದ ಎಳೆಗಳನ್ನು ಜೀವಕೋಶಗಳೇ ಹೊಸೆದುಕೊಂಡಿದ್ದವು. ಒಂದು ನಿಮಿಷದವು ಹಾಗಲ್ಲ. ಮರುದಿನವೂ ನೂರಕ್ಕೆ ಹದಿನೈದು ಬಾಲ ಎಳೆದುಕೊಂಡೇ ಇದ್ದವು.

“ಕಡಿಯೋದನ್ನೂ ಕೊಟ್ಟ, ಹೊಸೆಯೋದನ್ನೂ ಕೊಟ್ಟ. ಎಲ್ಲಿ ತನಕ ಹೊಸೆಯೋಕಾಗುತ್ತೆ ಅನ್ನೋದನ್ನ ಮಾತ್ರ ನಾವೇ ಎಣಿಸಿ ತಿಳ್ಕೋಬೇಕು,” ಎಂದು ತಟ್ಟೆಯಮ್ಮ ಕೈಗವಸು ಕಳಚುತ್ತಾರೆ. ಬೆರಳ ತುದಿಗಳು ನೀರಲ್ಲಿ ನೆನೆದಂತೆ ಸುಕ್ಕಾಗಿವೆ.

ಕಳೆದ ತಿಂಗಳು ಪರೀಕ್ಷೆ ಮತ್ತೆ ಆರಂಭವಾಯಿತು. ಒಬ್ಬೊಬ್ಬರಿಗೆ ಒಂದು ಸಲಕ್ಕೆ ಮೂವತ್ತೇ ಸೆಕೆಂಡು. ಬೆರಳು ತೆಗೆದ ಜಾಗವೂ ಮಾಯದೆ ಉಳಿದಿದ್ದ ಅಕ್ಕನ ಹೆಸರು ಪಟ್ಟಿಯಲ್ಲಿ ಮತ್ತೆ ಬಂತು. ಮೊದಲ ದಿನ ತಟ್ಟೆಯಮ್ಮ ಗಾಯದ ಕೋಣೆಯ ಹೊರಗೇ ಬೆಂಚಿನ ಮೇಲೆ ಕುಳಿತಿದ್ದರು, ಬಾಗಿಲು ಅರ್ಧ ತೆರೆದಿತ್ತು. ಒಳಗೆ ನರ್ಸ್ ಒಪ್ಪಿಗೆಯ ಕಾಗದ ಓದಿ ಹೇಳುತ್ತಿದ್ದರು: ಈ ಜ್ವಾಲೆ ಜೀವಕೋಶದ ಡಿಎನ್‌ಎಯನ್ನು ಕಡಿಯಬಲ್ಲದು, ಮೂವತ್ತು ಸೆಕೆಂಡಿನ ಮಿತಿಯಲ್ಲಿ ಆ ಕಡಿತ ಕೂಡಿಕೊಳ್ಳುವುದು ತಟ್ಟೆಗಳಲ್ಲಿ ಕಂಡಿದೆ, ಮನುಷ್ಯರಲ್ಲಿ ಇನ್ನೂ ನೋಡಬೇಕು.

“ಕಂಡಿದೆ ಅಂದ್ರೆ, ಯಾರಿಗೆ ಕಂಡಿದ್ದು?” ಅಕ್ಕನ ಧ್ವನಿ.

“ಪ್ರಯೋಗಾಲಯದವರಿಗೆ ಅಮ್ಮ.”

“ಪ್ರಯೋಗಾಲಯಕ್ಕೆ ಕಣ್ಣಿದ್ಯಾ? ಯಾರು ಎಣಿಸಿದ್ದು ಅಂತ ಕೇಳಿದ್ದು ನಾನು.”

ನರ್ಸ್ ಬಾಗಿಲಿನತ್ತ ನೋಡಿರಬೇಕು. ತಟ್ಟೆಯಮ್ಮ ಎದ್ದು ಹೋಗಿಬಿಡಲೇ ಎಂದುಕೊಂಡರು. ಆಗ ಕಾಗದದ ಮೇಲೆ ಪೆನ್ನು ಗೀರಿದ ಸದ್ದು ಕೇಳಿತು.

“ಹೊರಗೆ ಕೂತಿದ್ದಾಳಲ್ಲ, ಕರೀರಿ ಒಳಗೆ. ಬಾರೇ ಇಲ್ಲಿ. ಮುಖ ಏನು ನೋಡ್ತೀಯ? ನಿನ್ನ ದೆಸೆಯಿಂದ ನನ್ನ ಎರಡು ಬೆರಳು ಹೋಯ್ತು. ಮರೀತೀನಿ ಅಂದ್ಕೋಬೇಡ, ಸಾಯೋ ತನಕ ಅಂತೀನಿ. ಒಡಹುಟ್ಟಿದೋಳ ಕಾಲು ಹೋದ್ರೂ ಲೆಕ್ಕ ತಪ್ಪಿಸದಿರೋಳು ನೀನು. ಈಗ ಎಣಿಸು. ಬಾಯಿಬಿಟ್ಟು ಎಣಿಸು. ಗೋಡೆ ಮೇಲಿನ ಗಡಿಯಾರ ನಾನು ನಂಬಲ್ಲ.”

ಗಾಯ ಮಾಯುತ್ತದೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ. ವಾರಕ್ಕೆರಡು ಸಲ, ಮಧ್ಯಾಹ್ನ ಮೂರಕ್ಕೆ, ತಟ್ಟೆಯಮ್ಮ ತಮ್ಮ ಕೋಣೆಗೆ ಬೀಗ ಹಾಕಿ ಆಸ್ಪತ್ರೆಗೆ ನಡೆಯುತ್ತಾರೆ. ಒಂದು ಕೈಯಲ್ಲಿ ಅಕ್ಕನ ಹಿಮ್ಮಡಿ ಹಿಡಿದು, ನೇರಳೆ ಬೆಳಕಿನಿಂದ ಕಣ್ಣು ತೆಗೆಯದೆ, ಒಂದರಿಂದ ಗಟ್ಟಿಯಾಗಿ ಎಣಿಸುತ್ತಾರೆ. ಅವರ ಬಾಯಿ ನಿಂತ ಕ್ಷಣ ನರ್ಸ್ ಜ್ವಾಲೆ ಆರಿಸುತ್ತಾರೆ.

“ಇದುವರೆಗೆ ಏಳು ಸಲ ಎಣಿಸಿದ್ದೀನಿ. ಒಂದ್ಸಲಾನೂ ನನ್ನ ಬಾಯಲ್ಲಿ ಮೂವತ್ತೊಂದು ಅಂತ ಬಂದಿಲ್ಲ.”